ಹತ್ತು ಸೆಕೆಂಡಿಗೊಂದು ಪಟ್ಟಿ

ಬೆಳಗಿನ ಐದು ಇಪ್ಪತ್ತು. ಅಸುನ್ಸಿಯೋನ್‌ನ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಪರದೆಗಳೆಲ್ಲ ಮತ್ತೆ ಅಲುಗಾಡದೆ ನಿಂತಿವೆ. ಕರೆ ತೆಗೆದುಕೊಳ್ಳುವವರು ಕಾಗದ, ಪೆನ್ನಿಗೆ ಕೈಹಾಕುತ್ತಿದ್ದಾರೆ. ರೀಸ್ಟಾರ್ಟ್ ಮಾಡಲು ಮೇಲಧಿಕಾರಿ ದೋನ್ ಅತಿಲಾನೊ ದಾಪುಗಾಲಿಡುತ್ತ ಬರುತ್ತಿದ್ದಾರೆ. ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಐವತ್ಮೂರು ವರ್ಷದ ನಿಮಿಯಾ ಅರೆವಾಲೊ ಒಂದು ಕೈಯಲ್ಲಿ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಒತ್ತುತ್ತಾರೆ. ಇನ್ನೊಂದು ಕೈಯಲ್ಲಿ ಯೆರ್ಬಾ ಎಲೆಯ ಬಿಸಿ ಕಷಾಯದ ಸೋರೆಬುರುಡೆಯನ್ನು ಅವರತ್ತ ಚಾಚುತ್ತಾರೆ.

"ತಗೊಳ್ಳಿ ದೋನ್, ನಿಮ್ಮ ಸರದಿ."

ಒಂದೇ ಬುರುಡೆ ಕೈಯಿಂದ ಕೈಗೆ ಸುತ್ತುವ ಇಲ್ಲಿನ ರೂಢಿಯಲ್ಲಿ, ಸರದಿಗೆ ಬಂದದ್ದನ್ನು ಬೇಡವೆನ್ನುವಂತಿಲ್ಲ, ತಳ ಕಾಣದೆ ಮರಳಿಸುವಂತಿಲ್ಲ. ನಾಲಿಗೆ ಸುಟ್ಟುಕೊಳ್ಳುತ್ತ ಅವರು ಹೀರುವ ಮೂವತ್ತು ಸೆಕೆಂಡು ನಿಮಿಯಾಗೆ ಸಾಕು.

ಓಡುತ್ತಿರುವ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳ ಒಂದೊಂದು ಎಳೆಯೂ ಯಾವ ಕೆಲಸದಲ್ಲಿ, ಎಲ್ಲಿ ನಿಂತಿದೆ ಎಂಬ ಪಟ್ಟಿಯನ್ನು ಆ ಆಜ್ಞೆ ಕೊಡುತ್ತದೆ. ಹತ್ತು ಸೆಕೆಂಡಿಗೊಂದರಂತೆ ಮೂರು ಪಟ್ಟಿ ಬೇಕು. ನಿಮಿಯಾ ಹೇಳುವುದು ಹೀಗೆ: "ಒಂದು ಫೋಟೋದಲ್ಲಿ ನಿಂತಂಗೆ ಕಾಣೋನು ನಡೀತಾ ಇರಬೋದು. ಮೂರರಲ್ಲೂ ಅಲ್ಲೇ ಇದ್ರೆ ಸಿಕ್ಕಾಕ್ಕೊಂಡಿದಾನೆ ಅಂತ. ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಮಾಯ. ಹೆಣ ಸುಟ್ಟು ಆಮೇಲೆ ಪೋಸ್ಟ್‌ಮಾರ್ಟಂ ಮಾಡಿ ಅಂದಂಗೆ."

ಹನ್ನೊಂದು ವರ್ಷವಾದರೂ ನಿಮಿಯಾ ಅವರದು ಗುತ್ತಿಗೆ ಕೆಲಸವೇ. ಕಳೆದ ವರ್ಷ ಪ್ರೋಗ್ರಾಮು ನಲವತ್ತೊಂದು ಸಲ ನಿಂತಿತು. ನಲವತ್ತೊಂದು ಸಲವೂ ರೀಸ್ಟಾರ್ಟ್ ಮಾಡಿದ ದೋನ್ ಅತಿಲಾನೊ ಅವರಿಗೆ ಸನ್ಮಾನ ಫಲಕ ಸಿಕ್ಕಿತು. ಅವರ ದನಿಯನ್ನು ನಿಮಿಯಾ ಮೂಗಿನ ರಾಗದ ಸಮೇತ ಅಣಕಿಸುತ್ತಾರೆ: "ನೀನು ಓದ್ತಾ ಕೂತ್ಕೋ ತಾಯಿ, ನಾನು ಓಡಿಸ್ತೀನಿ."

ನಗು ಅಷ್ಟಕ್ಕೇ ಮುಗಿಯುತ್ತದೆ. ಜೂನ್‌ನಲ್ಲಿ ಹೀಗೇ ನಿಂತಾಗ ಒಂದು ಆಂಬುಲೆನ್ಸ್ ಹೊರಡಲೇ ಇಲ್ಲ. ಅದಕ್ಕಾಗಿ ಕಾಯುತ್ತಿದ್ದ ಬಸ್ ಚಾಲಕರೊಬ್ಬರು ತೀರಿಕೊಂಡರು. ಆ ಕರೆ ತೆಗೆದುಕೊಂಡಿದ್ದ ಡಿಗ್ನಾ ಆಂಬುಲೆನ್ಸ್ ಕಳಿಸುವ ಗುಂಡಿಯನ್ನೇ ಒತ್ತಲಿಲ್ಲವೆಂದು ಫೈಲಿನಲ್ಲಿ ಬರೆದು, ಕೆಲಸದಿಂದ ತೆಗೆದರು. ಈಗ ಆಕೆ ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು ಚಿಪಾ ಎಂಬ ಚೀಸ್ ರೊಟ್ಟಿ ಮಾರುತ್ತಾಳೆ. "ಒತ್ತಿದ್ದೆ ಅಕ್ಕಾ, ಎರಡು ಸಲ ಒತ್ತಿದ್ದೆ" ಎಂದವಳನ್ನು ನಂಬಿದವರು ನಿಮಿಯಾ ಒಬ್ಬರೇ.

ಈ ಬೆಳಗಿನ ಮೂರು ಪಟ್ಟಿಗಳಲ್ಲೂ ಒಂದೇ ಕಥೆ. ವರದಿ ಮುದ್ರಿಸುವ ಎಳೆಯೊಂದು ಒಂದು ಸಲಕ್ಕೆ ಒಂದೇ ಎಳೆಗೆ ಸಿಗುವ ಬೀಗ ಹಿಡಿದುಕೊಂಡು, ಕೆಟ್ಟುಹೋದ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಿದೆ. ಅದರ ಹಿಂದೆ, ಒತ್ತಿದ ಗುಂಡಿಗಳ ಅರವತ್ಮೂರು ಎಳೆಗಳು ಸಾಲುಗಟ್ಟಿವೆ. ಒತ್ತಿದ್ದು ಒತ್ತಿದಂತೆಯೇ ಇದೆ, ಹೊರಗೆ ಹೋಗಿಲ್ಲ.

ಮಧ್ಯಾಹ್ನ ನಿಮಿಯಾ ಆ ಪಟ್ಟಿಗಳನ್ನು ಡಿಗ್ನಾಳ ಫೈಲು ನೋಡುವ ತನಿಖಾಧಿಕಾರಿಯ ಮೇಜಿನ ಮೇಲಿಡುತ್ತಾರೆ. ಆತ ತಾರೀಖು ನೋಡುತ್ತಾನೆ.

"ಇದು ಇವತ್ತಿಂದು ಕಣಮ್ಮ. ಜೂನಿಂದು ತಗೊಂಬನ್ನಿ."

ಜೂನಿನದನ್ನು ರೀಸ್ಟಾರ್ಟ್ ಅಳಿಸಿಹಾಕಿದೆ.

ಮೆಟ್ಟಿಲಿಳಿಯುತ್ತ ನಿಮಿಯಾ ಕಾಗದಗಳನ್ನು ಮಡಚಿ ಚೀಲಕ್ಕೆ ತುರುಕುತ್ತಾರೆ. "ನನ್ನ ಹೆಸರು ಎಲ್ಲೂ ಬರೋದು ಬೇಡ. ಅವಳ ಫೈಲಲ್ಲಿ ಒಂದೇ ಪದ ತಿದ್ದಲಿ ಸಾಕು. 'ಒತ್ತಿದ್ದಳು.'"