ಗೂಡಿನ ಪ್ಲಾಸ್ಟಿಕ್ ಮೊಟ್ಟೆ

ಗೂಡಲ್ಲಿ ಒಂದು ಪ್ಲಾಸ್ಟಿಕ್ ಮೊಟ್ಟೆ ಇಟ್ರೆ, ಅದನ್ನ ನೋಡಿ ನಾಟಿ ಕೋಳಿ ಅಲ್ಲೇ ಮೊಟ್ಟೆ ಇಡುತ್ತೆ. ಇಲ್ಲದಿದ್ರೆ ಕಂಡಕಂಡ ಸಂದಿಯಲ್ಲಿ ಇಡುತ್ತೆ.

ಬೂದಿಗೆರೆ ಅಪಾರ್ಟ್‌ಮೆಂಟಿನವನೊಬ್ಬ ನಾನು ಮಾರೋಕೆ ಟ್ರೇಯಲ್ಲಿಟ್ಟಿದ್ದ ಮೊಟ್ಟೆ ನಾಟಿ ಕೋಳಿದು ಅಂತ ನಂಬದೆ, ತಾನೇ ಗೂಡಿಗೆ ಕೈ ಹಾಕಿ ಇದ್ದದ್ದೆಲ್ಲ ಬಾಚಿಕೊಂಡು ಹೋದ. ಮಾರನೇ ದಿನ ಕಾರಲ್ಲಿ ಬಂದು, ನನ್ನ ಮುಖಕ್ಕೆ ಫೋನ್ ಹಿಡಿದು ವಿಡಿಯೊ ಮಾಡ್ತಾ ಕೂಗಾಡಿದ.

"ಪ್ಲಾಸ್ಟಿಕ್ ಮೊಟ್ಟೆ ಮಾರ್ತೀರೇನ್ರೀ?"

ನನಗೆ ಮೈಯೆಲ್ಲ ಉರಿದುಹೋಯ್ತು.

"ಅದು ಕೋಳಿಗೆ ಇಟ್ಟಿದ್ದು ಕಣ್ರೀ! ಗೂಡಿಗೆ ಕೈ ಹಾಕಿದ್ದು ಯಾರು, ನಾನಾ?"

ಕೇಳೋ ವ್ಯವಧಾನ ಅವನಿಗೆಲ್ಲಿ? ವಿಡಿಯೊ ಆಗಲೇ ಅವರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು.

ಗೂಡು ಖಾಲಿ ಕಂಡ ಕೋಳಿ, ನಮ್ಮ ಜಗಳ ಮುಗಿಯೋದ್ರೊಳಗೆ ಅವನ ಕಾರಿನ ಕೆಳಗೇ ಮೊಟ್ಟೆ ಇಟ್ಟಿತ್ತು. ಅವನು ಕಾರು ಹಿಂದಕ್ಕೆ ತೆಗೆದ. ಪಚಕ್ ಅಂತ ಒಡೆದು ಹಳದಿ ಹರೀತು.

ಅದರ ವಿಡಿಯೊ ಮಾತ್ರ ಯಾರೂ ಹಾಕ್ಲಿಲ್ಲ.