ಜಾಲರಿಗೆ ಸಿಕ್ಕ ಬಾಗಿನ

ಪುಟ್ಟಲಿಂಗಯ್ಯನ ಕೆಲಸವೇನೆಂದು ಊರಿನಲ್ಲಿ ಯಾರನ್ನೇ ಕೇಳಿ, "ಕರೆಂಟು ತಯಾರು ಮಾಡ್ತಾನೆ" ಅನ್ನುತ್ತಾರೆ. ಅವನೂ ಅಲ್ಲವೆಂದು ಒಂದು ದಿನವಾದರೂ ಹೇಳಿದವನಲ್ಲ. ಮೀಸೆ ತೀಡಿಕೊಳ್ಳುತ್ತಾನೆ. ನಿಜ ಹೇಳಬೇಕೆಂದರೆ ಅವನು ಹೊಳೆಯ ಕಸ ಬಾಚುವವನು.

ಕನಕಪುರದಿಂದ ಕೆಳಗೆ, ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾಗುವ ಕಡೆ ಒಂದು ಪುಟ್ಟ ಕಟ್ಟೆ ಇದೆ. ದೊಡ್ಡ ಅಣೆಕಟ್ಟೆಗಳನ್ನು ನೋಡಿ ಬಂದವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಇರುವುದಾದರೂ ಏನು? ಮೂರಾಳೆತ್ತರದ ಗೋಡೆ, ಅದರ ಮಗ್ಗುಲಲ್ಲಿ ನೀರು ಒಳಗೆ ಹೋಗಲು ಒಂದು ಬಾಯಿ, ಆ ಬಾಯಿಗೆ ಕಬ್ಬಿಣದ ಜಾಲರಿ. ಅಲ್ಲಿಂದ ಆಳು ನಿಲ್ಲುವಷ್ಟು ದಪ್ಪದ ಪೈಪೊಂದು ಗುಡ್ಡದ ಇಳಿಜಾರಿನಲ್ಲಿ ಇಳಿದು, ಕೆಳಗಿನ ಪವರ್ ಹೌಸಿನ ಎರಡು ಟರ್ಬೈನುಗಳನ್ನು ತಿರುಗಿಸುತ್ತದೆ. ಮಳೆಗಾಲದಲ್ಲಿ ಹೊಳೆ ತರುವ ಸೊಪ್ಪುಸದೆ, ಬಾಳೆದಿಂಡು, ಪ್ಲಾಸ್ಟಿಕ್ ಚೀಲ ಎಲ್ಲವೂ ಬಂದು ಕೂರುವುದು ಆ ಜಾಲರಿಯ ಮೇಲೆ. ಹಲ್ಲುಗಳಿರುವ ಉದ್ದನೆಯ ಕಬ್ಬಿಣದ ಕೋಲಿನಿಂದ ಅದನ್ನೆಲ್ಲ ಎಳೆದು ಮೇಲೆ ಹಾಕುವವನು ಪುಟ್ಟಲಿಂಗಯ್ಯ. ಜಾಲರಿ ಮುಚ್ಚಿತೋ, ಕೆಳಗೆ ಮಿಷಿನ್ನು ಏದುಸಿರು ಬಿಡಲು ಶುರು.

ಕುರಿ ಕಾಯುತ್ತಿದ್ದ ಕಾಲದಲ್ಲಿ ಅವನು ತನಗೆ ಹೊಳೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದ. ಉಣ್ಣೆ ಕತ್ತರಿಸುವ ಮೊದಲು ನೂರಾರು ಕುರಿಗಳನ್ನು ಇದೇ ನೀರಿಗಿಳಿಸಿ ಮೈ ತೊಳೆದವನು. ಆದರೆ ಕೆಲಸಕ್ಕೆ ಸೇರಿದ ದಿನ ಪೈಪಿನ ಮೇಲೆ ಅಂಗೈ ಇಟ್ಟಾಗ ಅವನ ಮೊಳಕೈವರೆಗೂ ನಡುಕ ಹತ್ತಿತು. ಕುರಿ ಈಜುವ ಈ ಬಡಪಾಯಿ ಹೊಳೆಯ ಹೊಟ್ಟೆಯಲ್ಲಿ ಇಷ್ಟು ಕಸುವಿತ್ತೇ ಎಂದು ಬೆರಗಾಗಿ ನಿಂತುಬಿಟ್ಟ. ಆ ಬೆರಗು ಹತ್ತೊಂಬತ್ತು ವರ್ಷವಾದರೂ ಹೋಗಿಲ್ಲ.

ಅವನೊಬ್ಬನಿಗೇ ಗೊತ್ತಿದ್ದ ಒಂದು ಗುಟ್ಟಿತ್ತು. ಗೌರಿ ಹಬ್ಬದ ಹೊತ್ತಿಗೆ ಕಟ್ಟೆ ತುಂಬಿ ಕೋಡಿ ಬೀಳುತ್ತದೆ. ಆಗ ಸುತ್ತಲಿನ ಊರಿನ ಹೆಂಗಸರು ಕಟ್ಟೆಯಿಂದ ಮೇಲೆ, ಹೊಳೆದಂಡೆಯ ಮೆಟ್ಟಿಲುಗಳಿಗೆ ಬಂದು ಹೊಳೆಗೆ ಬಾಗಿನ ಕೊಡುತ್ತಾರೆ. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ರವಿಕೆ ಕಣ. ಮೇಲೊಂದು ಮೊರ ಮುಚ್ಚಿ ದಾರ ಸುತ್ತಿ ತೇಲಿಬಿಟ್ಟು, ಕೈಮುಗಿದು, ಹಿಂದೆ ತಿರುಗದೆ ಮನೆಗೆ ಹೋಗುತ್ತಾರೆ. ಬಾಗಿನ ಸಮುದ್ರ ಸೇರಿತೆಂದು ಅವರ ನಂಬಿಕೆ. ಅದು ಸೇರುತ್ತಿದ್ದುದು ಪುಟ್ಟಲಿಂಗಯ್ಯನ ಜಾಲರಿಗೆ.

ಮೊದಲ ವರ್ಷ ಅವನು ಮೇಲಧಿಕಾರಿಗಳು ಹೇಳಿದಂತೆ ಎಲ್ಲವನ್ನೂ ಎಳೆದು ಕಸದ ಗುಂಡಿಗೆ ಹಾಕಿದ. ಸಂಜೆ ನೋಡಿದರೆ ನಾಯಿಗಳು ರವಿಕೆ ಕಣ ಎಳೆದಾಡುತ್ತಿದ್ದವು, ಹಸಿರು ಬಳೆಗಳು ಕೆಸರಿನಲ್ಲಿ ತುಳಿಸಿಕೊಂಡು ಬಿದ್ದಿದ್ದವು. ಮರುವರ್ಷದಿಂದ ಅವನೇ ಒಂದು ಪದ್ಧತಿ ಮಾಡಿಕೊಂಡ. ಮೊರಗಳನ್ನು ಕಸದಿಂದ ಬೇರೆಯಿಡುವುದು; ಜಾಲರಿ ಖಾಲಿಯಾದ ಮೇಲೆ ಚಪ್ಪಲಿ ಬಿಟ್ಟು, ಒಂದೊಂದನ್ನೇ ತಲೆಯ ಮೇಲೆ ಹೊತ್ತು ನೂರಿಪ್ಪತ್ತಾರು ಮೆಟ್ಟಿಲು ಇಳಿದು, ಪವರ್ ಹೌಸಿನ ಆಚೆ ನೀರು ಮತ್ತೆ ಹೊಳೆಗೆ ಬೀಳುವ ಕಡೆ ಬಿಡುವುದು. ಯಾರಿಗೂ ಹೇಳಲಿಲ್ಲ, ಹೆಂಡತಿ ಪುಟ್ಟಲಕ್ಷ್ಮಮ್ಮನಿಗೂ. ಹೇಳಿದರೆ ಹೆಂಗಸರ ಎದೆ ಒಡೆಯುತ್ತದೆಂದು ಗೊತ್ತಿತ್ತು. ಕೊಟ್ಟ ಬಾಗಿನ ದಡಕ್ಕೆ ವಾಪಸು ಬಂತೆಂದರೆ ಹೊಳೆಯಮ್ಮ ಒಲ್ಲೆ ಅಂದಳೆಂದೇ ಆ ಕಡೆಯ ಲೆಕ್ಕ.

ಹೋದ ವರ್ಷ ಆ ಲೆಕ್ಕ ಅವನ ಮನೆಗೇ ಬಂತು. ಮಗಳು ಅನುಷಾಳನ್ನು ಕೊಟ್ಟಿದ್ದು ದೊಡ್ಡಮಳೂರಿಗೆ. ಮಕ್ಕಳಿಲ್ಲದವರು ಎಲ್ಲೆಲ್ಲಿಂದಲೋ ಬಂದು ಅಲ್ಲಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊರುತ್ತಾರೆ. ಅದೇ ಊರಿನ ಸೊಸೆಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದು ಏಳು ತಿಂಗಳಿಗೆ ಬಂದಿತ್ತು. ಪುಟ್ಟಲಕ್ಷ್ಮಮ್ಮನಿಗೆ ನಿದ್ದೆಯಿಲ್ಲ, ಊಟವಿಲ್ಲ. ಮಗಳ ಹೆಸರಿನಲ್ಲಿ ಬಾಗಿನ ಕಟ್ಟಿದಳು. ಉಳಿದವರು ಅರಿಸಿನ ದಾರ ಸುತ್ತಿದರೆ ಇವಳು ತಮ್ಮದೇ ಕುರಿಯ ಕರಿ ಉಣ್ಣೆಯ ಹುರಿ ಹೊಸೆದು ಸುತ್ತಿದಳು. ತೇಲಿಬಿಟ್ಟ ಮೇಲೆ ಸುಮ್ಮನೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಗಂಡ ಬೆಳಿಗ್ಗೆ ಉಣ್ಣದೆ ಹೋಗಿದ್ದಾನೆಂದು ಡಬ್ಬಿ ಹಿಡಿದು ನೇರ ಕಟ್ಟೆಗೆ ಬಂದಳು. ಪುಟ್ಟಲಿಂಗಯ್ಯನ ಹೆಂಡತಿಯಲ್ಲವೇ ಎಂದು ಗೇಟಿನವನು ಒಳಗೆ ಬಿಟ್ಟ.

ಪುಟ್ಟಲಿಂಗಯ್ಯ ಆಗಷ್ಟೇ ಆ ಮೊರವನ್ನು ಎತ್ತಿ ಮೇಲಿಟ್ಟಿದ್ದ. ಕರಿ ಹುರಿ ನೋಡಿ ಅವನ ಕೈಯೂ ಒಂದು ಗಳಿಗೆ ತಡೆದಿತ್ತು. ಆದರೆ ಕೆಳಗಿನಿಂದ ಆಪರೇಟರ್ ಮಧುಕುಮಾರ್ ಫೋನಿನಲ್ಲಿ, "ಲೋಡು ಇಳೀತಾ ಐತೆ ಪುಟ್ಲಿಂಗಣ್ಣ, ಬಾಚು ಬಾಚು" ಎಂದು ಬಡಕೊಳ್ಳುತ್ತಿದ್ದ. ಎತ್ತಿದ. ಜಾಲರಿ ಖಾಲಿಯಾಯಿತು. ತಿರುಗಿ ನೋಡಿದರೆ ಹೆಂಡತಿ ನಿಂತಿದ್ದಳು.

"ಅನುಷನಪ್ಪಾ, ಇದು ನನ್ ಮೊರ ಅಲ್ವಾ?"

"ಹೂಂ ಕಣಮ್ಮಿ."

"ನೀನೇ ಎತ್ತುದ್ಯಾ?"

"ಎತ್ತದೆ ಇದ್ರೆ ಮಿಷಿನ್ ನಿಂತೋಯ್ತದೆ. ಎಲ್ಲಾರ್ದೂ ಇಲ್ಗೇ ಬತ್ತದೆ. ವರ್ಷಾ ವರ್ಷಾ ನಾನೇ ಎತ್ತದು."

ಪುಟ್ಟಲಕ್ಷ್ಮಮ್ಮ ಡಬ್ಬಿ ಕೆಳಗಿಟ್ಟು ಒದ್ದೆ ಹುರಿಯನ್ನು ಮುಟ್ಟಿ ನೋಡಿದಳು. "ಹೊಳೆಯಮ್ಮ ಒಲ್ಲೆ ಅಂದ್ಬುಟ್ಳು. ನನ್ ಮಗಳ ಹೊಟ್ಟೆ ಮ್ಯಾಲೆ ನೀನೇ ಕೈ ಇಕ್ಬುಟ್ಟೆ."

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಬೈದದ್ದುಂಟು, ಇಂಥದ್ದೊಂದು ಆಡಿದ್ದಿಲ್ಲ. ಅವನು ಚಪ್ಪಲಿ ಬಿಟ್ಟ. ಮೊರವನ್ನು ತಲೆಗೇರಿಸಿಕೊಂಡ.

"ಒಲ್ಲೆ ಅಂದಿಲ್ಲ. ಬಾ, ಒಸಿ ನೋಡು. ನೋಡುದ್ ಮ್ಯಾಲೆ ಏನಾರ ಅನ್ನು, ಅನ್ನುಸ್ಕೋತೀನಿ."

ಅವಳು ಬಂದಳು. ಅಳುತ್ತಲೇ, ಬೈಯುತ್ತಲೇ ಬಂದಳು. ಅರ್ಧ ಇಳಿದ ಮೇಲೆ ಅವನು ನಿಂತು ಅವಳ ಕೈಹಿಡಿದು ಪೈಪಿನ ಮೇಲಿಟ್ಟ. ಅವಳು ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ಇದ್ರೊಳಗೆ ಏನೋ ಐತೆ!"

"ಹೊಳೆ ಐತೆ."

ಅವಳು ಮತ್ತೆ ಕೈಯಿಟ್ಟಳು. ಈ ಸಲ ಎರಡೂ ಕೈ. ಬೈಗುಳ ನಿಂತಿತು.

ಪವರ್ ಹೌಸಿನ ಬಳಿ ಕಾಲ ಕೆಳಗಿನ ನೆಲವೇ ಗುಂಯ್ ಅನ್ನುತ್ತಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ಅದನ್ನು ದಾಟಿ ಹಿಂಬದಿಗೆ ಹೋದರೆ ಕಟ್ಟಡದ ಬುಡದಿಂದ ನೀರು ಹೊರಗೆ ಬರುತ್ತಿತ್ತು. ಬರುತ್ತಿತ್ತು ಅನ್ನುವುದು ಬಹಳ ಸಣ್ಣ ಮಾತಾಯಿತು. ಕತ್ತಲೊಳಗಿಂದ ಬೆಳ್ಳಗೆ ಉಕ್ಕಿ, ಮಗುಚಿ, ಬಂಡೆಗಳ ಮೇಲೆ ಬಿದ್ದು, ಎದ್ದು, ಬೆಳಕಿಗೆ ಓಡುತ್ತಿತ್ತು. ತುಂತುರು ಮುಖಕ್ಕೆ ಬಡಿಯಿತು. ಮೇಲೆ ಕಟ್ಟೆಯಲ್ಲಿ ಕೆಸರು ಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗಿದ್ದ ಹೊಳೆ ಇದೇ ಎಂದರೆ ನಂಬುವುದು ಕಷ್ಟ. ಪುಟ್ಟಲಕ್ಷ್ಮಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

"ಹಡೀತಾವ್ಳೆ ಕಣೋ," ಅಂದಳು ಮೆಲ್ಲಗೆ. "ಹೊಳೆಯಮ್ಮ ಹಡೀತಾವ್ಳೆ."

ಹತ್ತೊಂಬತ್ತು ವರ್ಷ ದಿನಾ ನೋಡಿದ್ದನ್ನು ಹೀಗೆ ಹೇಳಬಹುದೆಂದು ಪುಟ್ಟಲಿಂಗಯ್ಯನಿಗೆ ಹೊಳೆದೇ ಇರಲಿಲ್ಲ.

ಅವನು ಮೊರ ಇಳಿಸಿ ಅವಳ ಕೈಗೆ ಕೊಟ್ಟು, ಜಾರದಂತೆ ರಟ್ಟೆ ಹಿಡಿದುಕೊಂಡ. ಅವಳು ಬಗ್ಗಿ ನೀರಿಗೆ ಮುಟ್ಟಿಸಿದಳಷ್ಟೆ. ಹೊಳೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿತು. ಮೊರ ಒಂದು ಸಲ ಮುಳುಗಿ, ದೂರದಲ್ಲಿ ಎದ್ದು, ತಿರುವಿನಲ್ಲಿ ಕಾಣದಾಯಿತು. ಇಸ್ಕೊಂಡ್ಳು, ಇಸ್ಕೊಂಡ್ಳು ಎಂದು ಅವಳು ಅಳುತ್ತ ನಗುತ್ತ ಗಂಡನ ತೋಳಿಗೆ ಗುದ್ದಿದಳು. ಆಮೇಲೆ ಕೇಳಿದಳು:

"ಎಲ್ಲಾರ್ದೂ ಇಂಗೇ ತಂದ್ಯಾ?"

"ಮೊದಲ್ನೇ ವರ್ಷದ್ದು ಗುಂಡಿಗೆ ಹಾಕ್ಬುಟ್ಟೆ. ಆಗ ನಂಗೆ ತಿಳೀಲಿಲ್ಲ. ಆಮ್ಯಾಕೆ ಒಂದೂ ಬುಟ್ಟಿಲ್ಲ."

ಅವಳು ಅಷ್ಟೂ ಮೊರ ಹೊತ್ತ ಅವನ ಬೋಳು ನೆತ್ತಿಯನ್ನೇ ನೋಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದುಡುದುಡು ಮೆಟ್ಟಿಲು ಹತ್ತಿದಳು. ಮೇಲೆ ಇನ್ನೂ ಹದಿನಾಲ್ಕು ಮೊರಗಳಿದ್ದವು. ಅವುಗಳಲ್ಲಿ ಒಂದರ ಮೇಲೆ ಸುಣ್ಣದಲ್ಲಿ ಹೆಸರು ಬರೆದಿತ್ತು: ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ. ಇವರ ಕುರಿ ಅವರ ರಾಗಿ ಹೊಲಕ್ಕೆ ನುಗ್ಗಿದ ಜಗಳದಲ್ಲಿ ಈ ಇಬ್ಬರು ಹೆಂಗಸರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಪುಟ್ಟಲಕ್ಷ್ಮಮ್ಮ ಬಗ್ಗಿ ಆ ಮೊರವನ್ನೇ ಮೊದಲು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಏದುಸಿರು ಬಿಡುತ್ತ ಮೇಲೆ ಬಂದ ಗಂಡ ಕಣ್ಣು ಕಣ್ಣು ಬಿಟ್ಟ.

"ಏನ್ ನೋಡ್ತಾ ನಿಂತ್ಕೊಂಡೆ? ಅವ್ಳ ಸೊಸೆಗೂ ಏಳು ತಿಂಗ್ಳು. ನೀನೂ ಒಂದು ಎತ್ಕೋ, ನಡಿ."