ಎರಡನೆಯ ಸಲ ಕೇಳದ ಮೇಡಂ

ಹೂಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಹೊಟ್ಟೆಕಿಚ್ಚು ಪಡಲು ನನಗೆ ಅವಳೊಬ್ಬಳೇ ಸಾಕಾಗಿದ್ದಳು. ತಪಾಸಣೆ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನವಳು, ಹಿನಕಲ್‌ನವಳು, ನನಗಿಂತ ಎಷ್ಟೋ ಚಿಕ್ಕವಳು. ಕೆಲಸ ಕಲಿಸಿದವಳು ನಾನೇ. ಅಂಥವಳು ಒಂದು ಬೆಳಿಗ್ಗೆ ಮ್ಯಾನೇಜರ್ ಮೇಡಂ ಕಾರಿನಿಂದ ಇಳಿದಳು. ಗೇಟಿನ ಸೆಕ್ಯುರಿಟಿಯವರು ಮೇಡಂಗೆ ಹೊಡೆದ ಸಲ್ಯೂಟಿನಲ್ಲಿ ತಾನೂ ಪಾಲು ತೆಗೆದುಕೊಂಡು ನಕ್ಕಳು. ಅಲ್ಲೇ ಸ್ಕೂಟರ್ ನಿಲ್ಲಿಸುತ್ತಿದ್ದ ನನಗೆ ಮೈಯೆಲ್ಲ ಉರಿಯಿತು.

ಆ ಸೀಟು ನನ್ನದಾಗಬೇಕಿತ್ತು. ಮೇಡಂ ಬಾಡಿಗೆಗಿದ್ದದ್ದು ಕುವೆಂಪುನಗರದಲ್ಲಿ, ನಮ್ಮ ಹಿಂದಿನ ರಸ್ತೆಯಲ್ಲೇ. ಬಂದ ಹೊಸತರಲ್ಲಿ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, "ಬನ್ನಿ, ದಿನಾ ಒಟ್ಟಿಗೇ ಹೋಗಬಹುದು" ಎಂದಿದ್ದರು. ನಾನು, "ಅಯ್ಯೋ ಬೇಡ ಮೇಡಂ, ನಿಮಗ್ಯಾಕೆ ತೊಂದ್ರೆ" ಎಂದೆ. ನಮ್ಮ ಕಡೆ ಮೊದಲ ಸಲಕ್ಕೇ ಯಾರು ಹೂಂ ಅನ್ನುತ್ತಾರೆ? ಕಾಫಿ ಕೊಡಲು ಬಂದರೂ ಈಗ ತಾನೇ ಆಯ್ತು ಅನ್ನುತ್ತೇವೆ, ಮನೆಯವರು ಬಲವಂತ ಮಾಡುತ್ತಾರೆ, ಆಮೇಲೆ ಲೋಟ ಖಾಲಿ ಮಾಡಿಯೇ ಏಳುತ್ತೇವೆ. ಮೇಡಂ ಮನೆಮಾತು ಕನ್ನಡವೇ, ಆದರೆ ಬೆಳೆದದ್ದೆಲ್ಲ ಪುಣೆಯಲ್ಲಿ. "ಓಕೆ" ಎಂದು ಗಾಜು ಏರಿಸಿ ಹೊರಟೇಬಿಟ್ಟರು. ಕಾರಿನ ಬಾಗಿಲಿಗೆ ಚಾಚಿದ್ದ ಕೈಯಿಂದ ನಾನು ವೇಲ್ ಸರಿಮಾಡಿಕೊಂಡೆ.

ಮಾರನೆಯ ದಿನ ಹಿನಕಲ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಇವಳನ್ನು ಕೇಳಿದರಂತೆ. ಅವರು ಪೂರ್ತಿ ಕೇಳುವಷ್ಟರಲ್ಲಿ ಇವಳು ಹತ್ತಿ ಬೆಲ್ಟ್ ಹಾಕಿಕೊಂಡಿದ್ದಳಂತೆ. ಇದನ್ನು ಅವಳೇ ನನಗೆ ನಗುನಗುತ್ತ ಹೇಳಿದ್ದು.

ಅಲ್ಲಿಂದ ನಮ್ಮ ವಿಭಾಗದ ತೀರ್ಮಾನಗಳೆಲ್ಲ ದಾರಿಯಲ್ಲೇ ಆಗತೊಡಗಿದವು. ಯಾರಿಗೆ ಯಾವ ಪಾಳಿ, ಯಾರ ರಜೆ ಯಾವತ್ತು, ಮೀಟಿಂಗ್‌ಗೆ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು. ಹಬ್ಬಕ್ಕೆ ರಜೆ ಬೇಕಾದವರು ನನ್ನ ಮೇಜು ದಾಟಿ ಅವಳ ಹತ್ತಿರ ಹೋಗುತ್ತಿದ್ದರು. ಕ್ಯಾಂಟೀನಿನಲ್ಲಿ ಅವಳಿಗೆ ಜಾಗ ಹಿಡಿದಿಡುತ್ತಿದ್ದರು. ನಾನು ನನ್ನ ಚಿತ್ರಾನ್ನ ತಿನ್ನುತ್ತ ಅವಳ ಡಬ್ಬಿಯಲ್ಲಿ ಏನಿದೆ ಎಂದು ಇಣುಕುತ್ತಿದ್ದೆ. ಅವಳ ಹೊಸ ಚಪ್ಪಲಿ ಕೂಡ ನನ್ನ ಕಣ್ಣು ಕುಕ್ಕುತ್ತಿತ್ತು.

ಮನೆಯಲ್ಲಿ ದಿನಾ ಇದೇ ರಾಗ ಕೇಳಿ ನನ್ನ ಗಂಡನಿಗೆ ಸಾಕಾಗಿತ್ತು. "ಅಷ್ಟು ಆಸೆ ಇದ್ರೆ ನಾನೂ ಬರ್ತೀನಿ ಅಂತ ಕೇಳ್ಬುಡು" ಎಂದರು.

"ಕೇಳ್ಕೊಂಡು ಹತ್ತಕ್ಕೆ ನಾನೇನು ಗತಿಗೆಟ್ಟೋಳಾ?" ಎಂದು ಅವರ ಮೇಲೆ ಹಾರಿಬಿದ್ದೆ.

ಅಷ್ಟರಲ್ಲಿ ನಮ್ಮ ವಿಭಾಗದ ಇನ್‌ಚಾರ್ಜ್ ನಿವೃತ್ತರಾಗುವ ಕಾಲ ಬಂತು. ಆ ಕುರ್ಚಿಯ ಮೇಲೆ ನನಗೆ ಎಷ್ಟೋ ವರ್ಷಗಳಿಂದ ಕಣ್ಣಿತ್ತು. ಅದು ಅವಳ ಪಾಲಾದರೆ ನನ್ನ ರಜೆಗೆ ಅವಳ ಮುಂದೆ ನಿಲ್ಲಬೇಕು. ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ನೇರವಾಗಿ ನನ್ನನ್ನೇ ಕೇಳಿದರು.

"ನೀವು ಸೀನಿಯರ್. ಇನ್‌ಚಾರ್ಜ್ ಆಗ್ತೀರಾ?"

ಎದೆ ಕುಣಿಯಿತು. ಆದರೆ ಬಾಯಿ ತನ್ನ ಚಾಳಿ ಬಿಡಲಿಲ್ಲ. "ನನಗ್ಯಾಕೆ ಮೇಡಂ ಅದೆಲ್ಲ, ಬೇರೆ ಯಾರಾದ್ರೂ ನೋಡಿ" ಎಂದುಬಿಟ್ಟೆ. ತಲೆ ತಗ್ಗಿಸಿ ಓರೆಗಣ್ಣಲ್ಲಿ ನೋಡುತ್ತ ಕಾದೆ. ಈ ಸಲ ಮೇಡಂ ತಕ್ಷಣ ಓಕೆ ಅನ್ನಲಿಲ್ಲ. ನನ್ನ ಮುಖವನ್ನೇ ನೋಡಿದರು, ಇನ್ನೇನೋ ಹೇಳಲು ಬಾಯಿ ತೆರೆದರು.

"ನಾನು ಆಗ್ತೀನಿ ಮೇಡಂ" ಎಂದಳು ಇವಳು.

"ಗುಡ್" ಎಂದರು ಮೇಡಂ. ಅಲ್ಲಿಗೆ ಮುಗಿಯಿತು.

ಹೊರಗೆ ಬಂದಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನಿಮಗೆ ಬೇಕಿತ್ತಾ?"

"ಛೆ, ನಂಗ್ಯಾಕೆ ಕಣೇ."

"ನಿಜ ಹೇಳಿ ಅಕ್ಕ."

ಮೇಡಂ ಎರಡನೆಯ ಸಲ ಕೇಳಿರಲಿಲ್ಲ, ಇವಳು ಕೇಳಿದ್ದಳು. "ಬೇಕಿತ್ತು" ಎಂದೆ.

"ನಂಗೊತ್ತಿತ್ತು ಅಕ್ಕ" ಎಂದಳು ಅವಳು, ಕೈ ಬಿಡದೆ. "ಮೇಡಂ ಇನ್ನೊಂದು ಸಲ ಕೇಳಿದ್ರೆ ನೀವು ಹೂಂ ಅಂದ್ಬುಡ್ತಿದ್ರಿ. ಅದಕ್ಕೇ ಬೇಗ ಹೇಳ್ಬುಟ್ಟೆ."

ಅಷ್ಟು ಹೇಳಿ ಅವಳು ತನ್ನ ಮೇಜಿಗೆ ಹೋದಳು. ಮನಸ್ಸಿನಲ್ಲಿದ್ದದ್ದನ್ನು ಇಷ್ಟು ಸಲೀಸಾಗಿ ಹೇಳುತ್ತಾಳಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.